ಮೂಲೆ ಮಾವನ ಮಂಡಿ

ನಮ್ಮ ಮಾವ ಮನೆಗೆ ಬರುವ ಮೊದಲು ಅವರ ಮಂಡಿ ಬರುತ್ತಿತ್ತು. ನಾವಿರುವುದು ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಸಂಜೆ ಅವರು ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಕಟಕಟ ಎನ್ನುವ ಸದ್ದು ಎರಡು ಗೋಡೆಗಳ ನಡುವೆ ಏರಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅತ್ತೆ ಕೈಕೆಲಸ ಬಿಡದೆ, "ಬಂದ್ರು ನೋಡು ನಿಮ್ಮಾವ, ವಾದ್ಯ ಸಮೇತ" ಎನ್ನುತ್ತಿದ್ದರು. ನಾನು ಟೀಗೆ ನೀರಿಡುತ್ತಿದ್ದೆ. ನೀರು ಕುದ್ದು, ಪುಡಿ ಬಿದ್ದು, ಟೀ ಸೋಸಿ ಮುಗಿದರೂ ಮಾವ ಮೆಟ್ಟಿಲಲ್ಲೇ ಇರುತ್ತಿದ್ದರು. ಅವರು ಒಳಗೆ ಬರುವಷ್ಟರಲ್ಲಿ ಟೀ ಆರಿ ಕೆನೆ ಕಟ್ಟಿರುತ್ತಿತ್ತು. ಮತ್ತೆ ಬಿಸಿ ಮಾಡಿಕೊಡುತ್ತೇನೆಂದರೆ ಬೇಡ ಎನ್ನುತ್ತಿದ್ದರು. ಸುಸ್ತಾದ ಮನುಷ್ಯನಿಗೆ ಬಿಸಿಯೂ ಒಂದೇ, ತಣ್ಣಗಿನದೂ ಒಂದೇ ಎಂಬುದು ನನಗೆ ಗೊತ್ತು. ನಾನು ದೊಡ್ಡ ಲಾಂಡ್ರಿಯೊಂದರಲ್ಲಿ ಹಗಲೆಲ್ಲ ನಿಂತು ಇಸ್ತ್ರಿ ಮಾಡುವವಳು.

ಮಾವನದು ನೆಲಕ್ಕೆ ಪಾಲಿಶ್ ಮಾಡುವ ಕೆಲಸ. ಕಲ್ಲಿನ ನೆಲ, ಮೊಸಾಯಿಕ್ ನೆಲ, ಯಾವುದಾದರೂ ಸರಿ. ದೊಡ್ಡ ಮಷಿನ್ ನೀರು ಚೆಲ್ಲಿಕೊಂಡು ನಡುವಿನ ಜಾಗವನ್ನೆಲ್ಲ ಉಜ್ಜುತ್ತದೆ. ಆದರೆ ಅದು ದುಂಡಗಿನದು, ಮೂಲೆಗೆ ಹೋಗುವುದಿಲ್ಲ. ಗೋಡೆ ಗೋಡೆ ಸೇರುವ ಕಡೆ ಮನುಷ್ಯನೇ ಮಂಡಿಯೂರಿ, ಕೈಯಲ್ಲಿ ಕಲ್ಲು ಹಿಡಿದು ಉಜ್ಜಬೇಕು. ಮೊದಲು ಒರಟು ಕಲ್ಲು, ಆಮೇಲೆ ಅದಕ್ಕಿಂತ ನಯದ್ದು, ಕೊನೆಗೆ ಸೋಪಿನಂಥ ನುಣ್ಣನೆಯ ಕಲ್ಲು. ಪ್ರಾಯದಿಂದಲೂ ಮಾವನಿಗೆ ಈ ಮೂಲೆಗಳೇ ಗಂಟುಬಿದ್ದವು. ಕೆಲಸದವರೆಲ್ಲ ಅವರನ್ನು ಮೂಲೆ ಮಾವ ಎಂದೇ ಕರೆಯುತ್ತಿದ್ದರು. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಮೂಲೆ ನೋಡುತ್ತಿದ್ದರು. "ನಡು ಯಾರು ಬೇಕಾದ್ರೂ ಮಾಡ್ತಾರೆ. ಕೆಲಸ ಗೊತ್ತಾಗೋದು ಮೂಲೇಲಿ" ಎನ್ನುತ್ತಿದ್ದರು. ನನ್ನನ್ನು ನೋಡಲು ನಮ್ಮ ತವರಿಗೆ ಬಂದಾಗಲೂ ಹಾಗೆಯೇ. ಹುಡುಗಿ ಹೇಗೆ ಎಂದು ಅತ್ತೆ ಕಿವಿಯಲ್ಲಿ ಕೇಳಿದರೆ, ಇವರು ಹೇಳಿದ್ದು ಗೋಡೆಯಂಚಿನ ಮಾತು. ಅತ್ತೆ ಇಂದಿಗೂ ಅದನ್ನು ಹೇಳಿ ಆಡಿಕೊಳ್ಳುತ್ತಾರೆ.

ಆಯುಸ್ಸೆಲ್ಲ ಮೂಲೆ ಮೂಲೆ ಎಂದ ನಾಲಿಗೆ ಅದು. ಮೂಳೆ ಎಂಬ ಮಾತು ಬಂದಾಗಲೂ ಅವರ ಬಾಯಲ್ಲಿ ಮೂಲೆಯೇ ಹೊರಡುತ್ತಿತ್ತು. "ಮೂಲೆ ನೋಯ್ತಿದೆ ಕಣಮ್ಮ" ಎಂದರೆ ಯಾವ ಮೂಲೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಬರಬರುತ್ತಾ ಆ ತಮಾಷೆಗೆ ನಗು ಬರುವುದು ನಿಂತಿತು. ಬೆಳಗ್ಗೆ ಹಾಸಿಗೆಯಿಂದೆದ್ದರೆ ಕಾಲು ಮರದ ತುಂಡಾಗಿರುತ್ತಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ನನ್ನ ಗಂಡ ಸ್ನಾನ ಮುಗಿಸಿ ವ್ಯಾನ್ ಓಡಿಸಲು ಹೊರಟೇ ಹೋಗಿರುತ್ತಿದ್ದರು. ಬಲ ಮಂಡಿಯ ಪಕ್ಕದಲ್ಲಿ ಗಂಟುಗಂಟಾಗಿ ಏನೋ ಎದ್ದಿತ್ತು. ಅತ್ತೆ ದಿನಾ ಎಣ್ಣೆ ಹಚ್ಚುತ್ತಾ, "ಇದೇನ್ರೀ ಇದು, ಎಷ್ಟು ತಿಕ್ಕಿದ್ರೂ ಕರಗಲ್ಲ" ಎಂದು ಆ ಗಂಟಿಗೇ ಬೈಯುತ್ತಿದ್ದರು.

ಆಗಲೇ ಗ್ರಂಥಾಲಯದ ಹಾಲ್ ಕೆಲಸ ಬಂದದ್ದು. ಹಳೆಯ ಕಟ್ಟಡ, ಓದುವವರು ಕೂರುವ ದೊಡ್ಡ ಹಾಲು, ಕಂಬಗಳು ಬೇಕಾದಷ್ಟು. ಕಂಬವಿದ್ದಲ್ಲೆಲ್ಲ ಮೂಲೆ. ಮಾವನ ಮೇಸ್ತ್ರಿ ಒಳ್ಳೆಯವನೇ, ಆದರೆ ಕೆಲಸ ತಡವಾದರೆ ಅವನಿಗೂ ಮೇಲಿನವರು ಬಿಡುವುದಿಲ್ಲ. ಅವನು ಕೈಯಲ್ಲಿ ಹಿಡಿಯುವಂಥ ಚಿಕ್ಕ ಮಷಿನ್ ಒಂದನ್ನು ತಂದು, ಡಬ್ಬ ಬಿಚ್ಚದೆ ತನ್ನ ವ್ಯಾನಿನಲ್ಲಿ ಇಟ್ಟುಕೊಂಡಿದ್ದ. "ಮಾವ, ಈ ಹಾಲಿನ ಮೂಲೆ ನಿಮ್ಮ ಕೈಲಾದ್ರೆ ಸರಿ. ಆಗ್ಲಿಲ್ಲ ಅಂದ್ರೆ ಹೇಳ್ಬಿಡಿ, ಬೇಜಾರಿಲ್ಲ" ಎಂದನಂತೆ. ಬೇಜಾರಿಲ್ಲ ಎಂದದ್ದೇ ಮಾವನಿಗೆ ಬೇಜಾರು. ಆ ಸಂಜೆ ಟೀ ಕುಡಿಯಲಿಲ್ಲ. "ಇದೊಂದು ಹಾಲ್ ಮುಗಿಸಿ ತೋರಿಸಿದ್ರೆ ಆ ಡಬ್ಬ ಹಂಗೇ ಇರುತ್ತೆ. ಇಲ್ದಿದ್ರೆ ನಾನು ಮೂಲೆಗುಂಪು" ಎಂದರು. ಅತ್ತೆ, "ಇಷ್ಟು ವರ್ಷ ಇನ್ನೆಲ್ಲಿದ್ರಿ? ಮೂಲೇಲೇ ತಾನೆ" ಎಂದರು. ಯಾರೂ ನಗಲಿಲ್ಲ.

ಮರುದಿನವೇ ರಜೆ ಹಾಕಿ ನಾನು ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಬೆಂಚಿನ ಮೇಲೆ ಜಾಗವಿರಲಿಲ್ಲ. ಮಂಡಿ ನೋವಿನವರನ್ನೆಲ್ಲ ನಿಲ್ಲಿಸಿ ಕಾಯಿಸುವುದು ಯಾವ ನ್ಯಾಯವೋ ತಿಳಿಯದು. ಕಾದು ಕಾದು ಒಳಗೆ ಹೋದಾಗ ಡಾಕ್ಟರಮ್ಮನ ಕಣ್ಣೂ ಬಾಡಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಎರಡು ಮೂಳೆ ಸೇರೋ ಕಡೆ ನುಣುಪಾದ ಮೆತ್ತೆ ಇರುತ್ತೆ. ನಿಮ್ಮದು ಸವೆದಿದೆ. ಇಲ್ಲಿ ಅಂಚಲ್ಲಿ ನೋಡಿ, ಮೂಳೆ ಬೆಳೆದಿದೆ, ಮುಳ್ಳಿನ ಹಾಗೆ."

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಸವೆದಿದೆ, ಬೆಳೆದಿದೆ, ಎರಡೂ ಒಂದೇ ಉಸಿರಿನಲ್ಲಿ. ನನಗೇ ಗೊಂದಲವಾಯಿತು. ಮಾವನಿಗೆ ಆಗಲಿಲ್ಲ. ಮೂಲೆಯಲ್ಲಿ ಒರಟು ಎದ್ದಿದೆ ಎಂದಷ್ಟೇ ಅವರಿಗೆ ಕೇಳಿಸಿತು. ಅದು ಅವರು ದಿನಾ ನೋಡುವ ವಿಷಯ.

"ಉಜ್ಜಿದ್ರೆ ಹೋಗುತ್ತಾ ಡಾಕ್ಟರಮ್ಮ?" ಎಂದರು.

"ಹೋಗೋದಿಲ್ಲ ಅಂದ್ಕೊಳ್ಳಿ, ಆದ್ರೆ ಉಜ್ಜಿ, ಆರಾಮ ಅನ್ಸುತ್ತೆ. ಮಂಡಿಗೆ ವ್ಯಾಯಾಮನೂ ಬೇಕು. ಕುರ್ಚೀಲಿ ಕೂತು ಕಾಲು ನೀಡಿ, ಹೀಗೆ ಎತ್ತಿ ಇಳಿಸಿ. ಮಂಡಿ ಊರೋ ಕೆಲಸ ಮಾತ್ರ ಬಿಡ್ಬೇಕು" ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ಇಣುಕಿದರು.

ಡಾಕ್ಟರಮ್ಮ ಹೇಳಿದ್ದು ಎಣ್ಣೆ ಹಚ್ಚಿ ಉಜ್ಜುವುದನ್ನು. ಮಾವ ಕೇಳಿದ್ದು ಕಲ್ಲು ಹಿಡಿದು ಉಜ್ಜುವುದನ್ನು. ಒಂದೇ ಮಾತು, ಇಬ್ಬರ ಕೈಯಲ್ಲೂ ಬೇರೆ ಬೇರೆ ಕೆಲಸ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಮಾವ ಹಗುರಾಗಿ ಹೊರಬಂದರು. ಮಂಡಿ ಊರಬಾರದೆಂಬ ಮಾತು ಆಸ್ಪತ್ರೆಯ ಗೇಟಿನ ಆಚೆಗೆ ಬರಲೇ ಇಲ್ಲ.

ಆಮೇಲಿನ ದಿನಗಳಲ್ಲಿ ಮಾವನ ಉತ್ಸಾಹ ನೋಡಿ ನಮಗೆಲ್ಲ ಆಶ್ಚರ್ಯ. ಕೆಲಸದಿಂದ ಬಂದವರು ಮನೆಗೆ ಬಂದು ಕೂರದೆ ಮತ್ತೆ ಮೆಟ್ಟಿಲಿಳಿಯುತ್ತಿದ್ದರು, ಹತ್ತುತ್ತಿದ್ದರು. ಬಚ್ಚಲ ಕಿಟಕಿಯ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದರು. ಮುಖ ಬೆವರಿ ಕೆಂಪಾಗುತ್ತಿತ್ತು. ಡಾಕ್ಟರಮ್ಮ ಹೇಳಿದ ವ್ಯಾಯಾಮವೆಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಸಾರಿದರು. ಕುರ್ಚಿಯಲ್ಲಿ ಕೂತು ಮಾಡಿ ಎಂದಿದ್ದರಲ್ಲ ಎಂಬುದು ನನಗೂ ಹೊಳೆಯಲಿಲ್ಲ, ಖುಷಿಯೇ ಆಯಿತು. ನಾನು ಹೇಳಿದ ಯಾವ ಮಾತನ್ನೂ ಕೇಳದ ಮನುಷ್ಯ ಯಾರದೋ ಮಾತು ಕೇಳುತ್ತಿದ್ದಾರಲ್ಲ ಎಂದು.

ಒಂದು ಸಂಜೆ ನಾನು ಲಾಂಡ್ರಿಯಿಂದ ಬರುವಾಗ ಅವರು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮೆಟ್ಟಿಲ ಕಂಬಿ, ಇನ್ನೊಂದು ಕೈ ಮಂಡಿಯ ಮೇಲೆ.

"ಕೇಳಿಲ್ಲಿ" ಎಂದು ಮಂಡಿ ಮಡಿಸಿ ನೀಡಿದರು. ಕರಕರ ಎಂದಿತು. "ಮೊದಲಿಗಿಂತ ಸಣ್ಣ ಆಗಿದೆ ಅಲ್ವಾ ಸದ್ದು?"

ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಕಾಲು ಸಿಡಿಯುತ್ತಿತ್ತು, ಮನೆ ಸೇರಿದರೆ ಸಾಕಾಗಿತ್ತು. "ಹೂಂ ಮಾವ, ಸಣ್ಣ ಆಗಿದೆ" ಎಂದೆ.

"ಆಗ್ಲೇಬೇಕು. ಕಲ್ಲು ತಿಂತಾ ಬಂದ ಹಾಗೆ ಸದ್ದು ಇಳೀತದೆ. ಒರಟು ಇರೋವರೆಗೂ ಕೂಗುತ್ತೆ, ನಯ ಆದ್ಮೇಲೆ ತೆಪ್ಪಗಾಗುತ್ತೆ" ಎಂದರು. ನಾನು ಅವರು ಗ್ರಂಥಾಲಯದ ನೆಲದ ಮಾತಾಡುತ್ತಿದ್ದಾರೆಂದುಕೊಂಡು ಮೇಲೆ ಹೋಗಿಬಿಟ್ಟೆ. ಅವರು ಹೇಳುತ್ತಿದ್ದದ್ದು ತಮ್ಮ ಮಂಡಿಯೊಳಗಿನ ನೆಲದ ಮಾತು. ಎರಡು ಮೂಳೆಗಳನ್ನು ಒಂದಕ್ಕೊಂದು ತೇಯ್ದು, ಅಂಚಿನಲ್ಲೆದ್ದ ಮುಳ್ಳನ್ನು ಸವೆಸಿಬಿಡುತ್ತೇನೆಂದು ಆ ಮನುಷ್ಯ ಹೊರಟಿದ್ದರು. ನೋವು ಹೆಚ್ಚಿದಷ್ಟೂ ಒರಟು ಕಲ್ಲು ಚೆನ್ನಾಗಿ ಹಿಡಿಯುತ್ತಿದೆ ಎಂದು ಲೆಕ್ಕ. ಹಗಲು ಹಾಲಿನ ಮೂಲೆ, ಸಂಜೆ ಮಂಡಿಯ ಮೂಲೆ.

ಹಾಲ್ ಕೆಲಸ ಮುಗಿಯುತ್ತಾ ಬಂದಿತ್ತು. ಮಾವ ಒಂದೊಂದೇ ಕಂಬ, ಒಂದೊಂದೇ ಮೂಲೆ ಮುಗಿಸುತ್ತಾ ಬಂದಿದ್ದರು. ಡಬ್ಬ ವ್ಯಾನಿನಲ್ಲೇ ಇತ್ತು. ಬಾಗಿಲ ಹಿಂದಿನ ಕೊನೆಯ ಮೂಲೆ ಮಾತ್ರ ಉಳಿದಿತ್ತು. ಅವತ್ತು ಬೆಳಗ್ಗೆ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಅತ್ತೆ ಪ್ಯಾಂಟು ಎತ್ತಿ ನೋಡಿ, "ಇವತ್ತೊಂದಿನ ಬೇಡ ಕಣ್ರೀ" ಎಂದರು. ಗೋಡೆಗೆ ಹೇಳಿದ ಹಾಗಾಯಿತು. "ಒಂದು ಮೂಲೆ ಕಣೇ, ಒಂದೇ" ಎಂದು ಚೀಲ ಹೆಗಲಿಗೇರಿಸಿ ಹೊರಟರು.

ಮಧ್ಯಾಹ್ನ ಲಾಂಡ್ರಿಗೆ ಫೋನ್ ಬಂತು. ಮೇಸ್ತ್ರಿ. "ಅಕ್ಕಾ, ಒಂಚೂರು ಬರ್ತೀರಾ? ಮಾವ ಕೂತಲ್ಲಿಂದ ಏಳ್ತಿಲ್ಲ. ಯಾರಿಗೂ ಮುಟ್ಟಕ್ಕೆ ಬಿಡ್ತಿಲ್ಲ" ಎಂದ.

ನಾನು ಹೋದಾಗ ಹಾಲೆಲ್ಲ ಖಾಲಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿಲ ಹಿಂದಿನ ಮೂಲೆಯಲ್ಲಿ, ಗೋಣಿಚೀಲದ ಮೇಲೆ, ಒಂದು ಕಾಲು ಮಡಿಸಿದಂತೆಯೇ ಸಿಕ್ಕಿಕೊಂಡು ಮಾವ ಕೂತಿದ್ದರು. ಕಲ್ಲು ಅರೆದ ಬಿಳಿ ರಾಡಿ ಕೈಯ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಒರಟು ಕಲ್ಲು ಇನ್ನೂ ಕೈಯಲ್ಲೇ ಇತ್ತು. ನನ್ನನ್ನು ಕಂಡು, "ಆಯ್ತು ಕಣಮ್ಮ, ಇನ್ನೇನು ಆಯ್ತು" ಎಂದರು. ಏನೂ ಆಗಿರಲಿಲ್ಲ. ಗೋಡೆಗೆ ಮುಖ ಮಾಡಿದ ಮುದುಕನ ಬೆನ್ನು ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಮೇಸ್ತ್ರಿ ಮತ್ತು ನಾನು ಎರಡು ಕಂಕುಳಿಗೆ ಕೈ ಕೊಟ್ಟು ಎತ್ತಿದೆವು. ಅವರು ನರಳಲಿಲ್ಲ. ನನ್ನ ಭುಜವನ್ನು ಮಾತ್ರ ಬಿಗಿಯಾಗಿ ಹಿಡಿದರು.

ಮತ್ತೆ ಅದೇ ಡಾಕ್ಟರಮ್ಮ. ಮಂಡಿಯಿಂದ ನೀರು ತೆಗೆದು, ಪಟ್ಟಿ ಕಟ್ಟಿ, "ಏನು ಮಾಡ್ತಿದ್ರಿ?" ಎಂದು ಕೇಳಿದರು.

"ಉಜ್ತಿದ್ದೆ. ನೀವೇ ಹೇಳಿದ್ರಲ್ಲ" ಎಂದರು ಮಾವ.

"ಎಣ್ಣೇಲಿ ತಾನೆ?"

"ಎಣ್ಣೇಲಿ ಉಜ್ಜಿದ್ರೆ ಒರಟು ಹೋಗುತ್ತಾ? ಮೂಲೆಗೆ ಮೂಲೆ ಕೊಟ್ಟು ಉಜ್ಜಿದೆ" ಎಂದು ಮಡಿಸಿ ನೀಡುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಆಗ ನನಗೆ ಮೆಟ್ಟಿಲ ತಿರುವಿನ ಮಾತು ನೆನಪಾಯಿತು. ಡಾಕ್ಟರಮ್ಮ ಹಣೆ ತಿಕ್ಕಿಕೊಂಡು, ಪೆನ್ನು ಕೆಳಗಿಟ್ಟರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡರು.

"ಅದು ಹೊರಗಿಂದ ಬಂದು ಅಂಟಿಕೊಂಡ ಕೊಳೆ ಅಲ್ಲ ಅಜ್ಜಾ, ಉಜ್ಜಿ ತೆಗೆಯೋಕೆ. ನಿಮ್ಮ ಮೈಯೇ ಕಟ್ಟಿಕೊಂಡಿದ್ದು. ಮೆತ್ತೆ ಸವೆದಾಗ ಭಾರ ಬೀಳೋ ರೀತಿ ಬದಲಾಗುತ್ತೆ, ಕೀಲು ಅಲ್ಲಾಡುತ್ತೆ. ಆಗ ಅಂಚಲ್ಲಿರೋ ಜೀವಕಣಗಳು ಎಚ್ಚರ ಆಗ್ತವೆ, ಬೆಳೆಯೋಕೆ ಶುರು ಮಾಡ್ತವೆ. ಮೊದಮೊದಲು ಕಿವಿ ಹಾಲೆ ಥರ ಮೆತ್ತಗಿರುತ್ತೆ. ವರ್ಷ ಕಳೆದ ಹಾಗೆ ಗಟ್ಟಿಯಾಗಿ ಮೂಳೆ ಆಗುತ್ತೆ. ಸವೆದ ಕಡೆ ತುಂಬಕ್ಕೆ ಆಗಲ್ಲ, ಅದಕ್ಕೆ ಅಂಚಲ್ಲಿ ಅಗಲ ಮಾಡ್ಕೊಳ್ಳುತ್ತೆ, ಅಲ್ಲಾಡದೆ ನಿಲ್ಲೋಣ ಅಂತ."

"ಅಂದ್ರೆ ಅದು ಒಳ್ಳೇದೇನಮ್ಮ?"

"ಪೂರ್ತಿ ಒಳ್ಳೇದು ಅಂತ ಹೇಗೆ ಹೇಳ್ಲಿ. ಮಡಿಸೋಕೆ ಅಡ್ಡ ಬರುತ್ತೆ, ಅಕ್ಕಪಕ್ಕ ಚುಚ್ಚುತ್ತೆ. ಆದ್ರೆ ನೋವೆಲ್ಲ ಅದರದ್ದೇ ಅಲ್ಲ. ಎಷ್ಟೋ ಜನಕ್ಕೆ ಇಂಥ ಮುಳ್ಳು ಇರುತ್ತೆ, ನೋವೇ ಇರಲ್ಲ. ಅದನ್ನ ಮಾತ್ರ ಕೆತ್ತಿ ತೆಗೆದ್ರೆ ಸವೆದ ಮೆತ್ತೆ ವಾಪಸ್ ಬರಲ್ಲ, ಇರೋ ಆಸರೇನೂ ಹೋಗಬಹುದು. ಇನ್ಮೇಲೆ ನೆಲದ ಮೇಲೆ ಕೂರಬೇಡಿ. ಎತ್ತರದ ಕುರ್ಚಿ ಇಟ್ಕೊಳ್ಳಿ. ಮಂಡಿ ಊರೋ ಕೆಲಸ ಇವತ್ತಿಗೆ ಮುಗೀತು. ಮುಂದೆ ತೀರಾ ಕಷ್ಟ ಆದ್ರೆ ಆಪರೇಷನ್ ವಿಚಾರ ಮಾಡೋಣ."

ಮಾವ ಪಟ್ಟಿ ಕಟ್ಟಿದ ಮಂಡಿಯನ್ನು ನೋಡುತ್ತಾ ಕೂತರು. "ಪಾಪ" ಎಂದರು. ತಮಗೆ ಹೇಳಿಕೊಂಡರೋ ಮಂಡಿಗೆ ಹೇಳಿದರೋ ತಿಳಿಯಲಿಲ್ಲ. ಬೇಲಿ ಕಟ್ಟುತ್ತಿದ್ದವನನ್ನೇ ಕಳ್ಳನೆಂದು ಹೊಡೆದ ಹಾಗಾಗಿತ್ತು ಅವರಿಗೆ.

ಕುರ್ಚಿ ಬಂತು. ಎತ್ತರದ್ದು, ಕೈಯಿರುವುದು, ಮರದ್ದು. ನಮ್ಮದು ಬಾಡಿಗೆಯ ಮನೆ, ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಕುರ್ಚಿಗೆ ಇದ್ದ ಜಾಗ ಒಂದೇ, ಕಿಟಕಿಯ ಪಕ್ಕದ ಮೂಲೆ. ನಾನು ಅಲ್ಲಿಗೆ ಎಳೆದದ್ದೇ ತಡ, ಮಾವ ಬಾಗಿಲಲ್ಲೇ ನಿಂತುಬಿಟ್ಟರು.

"ಮೂಲೆಗೆ ಹಾಕ್ತೀಯೇನಮ್ಮ ನನ್ನ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಕುರ್ಚಿ ಹಾಲಿನ ನಡುವಿಗೆ ಬಂತು. ಅಲ್ಲಿಂದ ನಮ್ಮೆಲ್ಲರ ಗ್ರಹಚಾರ ಶುರುವಾಯಿತು. ಗುಡಿಸಿದರೆ ಕುರ್ಚಿ ಅಡ್ಡ, ಹಾಸಿಗೆ ಹಾಸಿದರೆ ಕುರ್ಚಿ ಅಡ್ಡ. ನನ್ನ ಗಂಡ ಬೆಳಗಿನ ಕತ್ತಲೆಯಲ್ಲಿ ಎಡವಿ ಕಾಲ್ಬೆರಳು ಊದಿಸಿಕೊಂಡರು. "ಮನೇಲಿ ಇನ್ನೊಂದು ಕಂಬ ಎದ್ದಿದೆ" ಎಂದು ಅತ್ತೆ ಗೊಣಗಿದರು. ಮಾವ ಮಾತ್ರ ಅದರಲ್ಲಿ ಕೂತು, ಎರಡೂ ಕೈ ಕುರ್ಚಿಯ ಕೈಗಳ ಮೇಲಿಟ್ಟು, ಎದುರಿನ ಗೋಡೆ ನೋಡುತ್ತಿದ್ದರು. ಮೇಸ್ತ್ರಿ ಒಮ್ಮೆ ಬಂದು ಹಣ್ಣು ಕೊಟ್ಟು ಹೋದ. ಹಾಲ್ ಮುಗೀತು, ಚಿಕ್ಕ ಮಷಿನ್ನಿನಲ್ಲಿ ಆ ಮೂಲೆಯನ್ನೂ ಮುಗಿಸಿದೆವು ಎಂದ. "ಒಳ್ಳೇದಾಯ್ತು" ಎಂದರು ಮಾವ. ಅವನು ಹೋದ ಮೇಲೆ ಹಣ್ಣು ಮುಟ್ಟಲಿಲ್ಲ. ಊಟ ಅರ್ಧಕ್ಕೆ ನಿಂತಿತು. ಎಣ್ಣೆ ಹಚ್ಚಲು ಬಂದ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸುತ್ತಿದ್ದರು. ನಾನು ಲಾಂಡ್ರಿಯಿಂದ ಬಂದರೆ ಮೆಟ್ಟಿಲು ನಿಶ್ಶಬ್ದವಾಗಿರುತ್ತಿತ್ತು. ಆ ಕಟಕಟ ಕೇಳಿದರೆ ಸಾಕಪ್ಪಾ ಎಂದು ನನಗೇ ಅನಿಸುತ್ತಿತ್ತು.

ಅವರ ಕಲ್ಲಿನ ಚೀಲ ಗ್ರಂಥಾಲಯದಲ್ಲೇ ಉಳಿದಿತ್ತು. ಒಂದು ದಿನ ಕೆಲಸ ಮುಗಿಸಿ ತರಲು ಹೋದೆ. ಕಾವಲುಗಾರ ಚೀಲವನ್ನು ತಂದುಕೊಟ್ಟ. ಹೊರಡುವ ಮುಂಚೆ ಏನನ್ನಿಸಿತೋ, ಬಾಗಿಲ ಹಿಂದೆ ಹೋಗಿ ನೋಡಿದೆ. ಅಲ್ಲಿ ಛತ್ರಿ ಇಡುವ ಸ್ಟ್ಯಾಂಡ್ ಒಂದನ್ನು ನಿಲ್ಲಿಸಿದ್ದರು. ಅದನ್ನು ಸರಿಸಿ ನೆಲ ಸವರಿದೆ. ಇಸ್ತ್ರಿಯಿಂದ ಒರಟಾದ ನನ್ನ ಕೈಗೂ ಗೊತ್ತಾಯಿತು. ಗೋಡೆಯಂಚಿನ ತನಕ ನುಣುಪು, ಆಮೇಲೆ ಎರಡು ಗೋಡೆ ಕೂಡುವ ಆ ಕೊನೆಯಲ್ಲಿ, ನನ್ನ ಅಂಗೈ ಮುಚ್ಚುವಷ್ಟು ಜಾಗ, ಒರಟೊರಟು. ಚಿಕ್ಕ ಮಷಿನ್ನೂ ದುಂಡಗಿನದೇ ತಾನೆ.

ಮನೆಗೆ ಬಂದು ಚೀಲವನ್ನು ಮಾವನ ಕಾಲ ಬಳಿ ಇಟ್ಟೆ. ಅವರು ಅದನ್ನು ಬಿಚ್ಚಲಿಲ್ಲ.

"ನೋಡಿದೆಯೇನಮ್ಮ?" ಎಂದರು. ಏನನ್ನು ಎಂದು ಹೇಳಲಿಲ್ಲ.

ಚೆನ್ನಾಗಿದೆ ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಸಾಕಾಗಿತ್ತು ನನಗೂ. "ಮೂಲೆ ಹಾಗೇ ಇದೆ ಮಾವ. ಮಷಿನ್ ಅಲ್ಲಿಗೆ ಹೋಗಿಲ್ಲ. ಸ್ಟ್ಯಾಂಡ್ ಇಟ್ಟು ಮುಚ್ಚಿದ್ದಾರೆ" ಎಂದೆ.

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆ ಸದ್ದು ನಿಂತಿತು. ಆಮೇಲೆ ಮಾವನ ಹೊಟ್ಟೆ ಕುಲುಕಿತು. ನಗುತ್ತಿದ್ದಾರೆಂದು ನನಗೆ ಗೊತ್ತಾಗಲು ಸಮಯ ಬೇಕಾಯಿತು. ನಗುನಗುತ್ತಲೇ ಕಣ್ಣೊರೆಸಿಕೊಂಡು, "ಇರ್ಲಿ ಬಿಡು" ಎಂದರು. "ಉಜ್ಜೋದು ಬೇಡ ಅದನ್ನ."

ಕುರ್ಚಿಯ ಕೈಗಳನ್ನು ಊರಿ ನಿಧಾನವಾಗಿ ಎದ್ದು, ಗೋಡೆ ಹಿಡಿದು ನಿಂತರು. "ಇದನ್ನ ಆ ಮೂಲೆಗೆ ಹಾಕಮ್ಮ. ನಿನ್ನ ಗಂಡ ದಿನಾ ಎಡವ್ತಾನೆ."

ನಾನು ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ನಮ್ಮ ಮನೆಯ ಸಿಮೆಂಟ್ ನೆಲ ಆ ಮೂಲೆಯಲ್ಲಿ ಸವೆದು ತಗ್ಗಾಗಿದೆ. ಊರವರ ಮೂಲೆಗಳನ್ನೆಲ್ಲ ತಿದ್ದಿದವರ ಮನೆಯ ಮೂಲೆ ಹಾಗಿತ್ತು. ಮಾವ ಕೂತ ತಕ್ಷಣ ಕುರ್ಚಿ ಒಂದು ಕಡೆಗೆ ವಾಲಿತು. ನಾನು ಮಡಿಸಿ ಇಡಲು ಪೇಪರ್ ಹುಡುಕತೊಡಗಿದೆ. ಅವರು ಬೇಡವೆಂದು ಕೈ ಆಡಿಸಿ, ಚೀಲ ಬಿಚ್ಚಿ, ಸವೆದು ಸವೆದು ಬಿಲ್ಲೆಯಂತಾಗಿದ್ದ ಕಲ್ಲಿನ ಚೂರೊಂದನ್ನು ಆರಿಸಿ ನನ್ನ ಕೈಗೆ ಕೊಟ್ಟರು. ನಾನು ಮಂಡಿಯೂರಿ ಅದನ್ನು ಕುರ್ಚಿಯ ಕಾಲಿನ ಅಡಿಗೆ ತಳ್ಳಿದೆ.

ಮಾವ ಬೆನ್ನು ಆನಿಸಿ, ಆಚೆ ಈಚೆ ಒಂದು ಸಲ ವಾಲಿ ನೋಡಿದರು.

"ಇನ್ನು ಅಲ್ಲಾಡಲ್ಲ" ಎಂದರು. ಆಮೇಲೆ, "ಟೀ ಇದ್ರೆ ಕೊಡಮ್ಮ, ಬಿಸಿ ಮಾಡಿ" ಎಂದರು.